ಬರಹದ ಮಧ್ಯೆ ಪುಟ ಮುರೀಬೇಡಿ ಸ್ವಾಮಿ!

ನಮಸ್ಕಾರ, ಎಲ್ಲರಿಗೂ ಸ್ವಾಗತ. ನೇರವಾಗಿ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ತಲೆ ಬಿಸಿಯಾಗಿದೆ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಸರ್, ಹೊಸ ಪುಟ ಬೇಕು ಅಂದ್ರೆ ಬ್ಯಾಕ್‌ಸ್ಲ್ಯಾಶ್ ನ್ಯೂಪೇಜ್ ಅಂತ ಹೊಡೆದ್ರೆ ಮುಗೀತು. ಇದಕ್ಕೆ ಇಷ್ಟುದ್ದ ವಿಡಿಯೋ ಬೇಕಾ?" ಅದಕ್ಕೆ ಲೈಕುಗಳು ಬೇರೆ!

ಬೇಕು ಸ್ವಾಮಿ. ಇನ್ನೂ ಉದ್ದದ್ದು ಬೇಕು.

ನಂದು ಒಂದೇ ಮಾತು. ಮಾರ್ಕ್‌ಡೌನ್ ಫೈಲಲ್ಲಿ, ಅಂದ್ರೆ ಸಣ್ಣ ಸಣ್ಣ ಗುರುತು ಹಾಕಿ ಬರೆಯೋ ಬರೀ ಅಕ್ಷರದ ಫೈಲಲ್ಲಿ, ಇದು ಏನು ಅಂತ ಬರೀರಿ, ಇದು ಯಾವ ಪುಟದಲ್ಲಿ ಕೂರ್ಬೇಕು ಅಂತ ಬರೀಬೇಡಿ. ಅಧ್ಯಾಯಕ್ಕೆ ಅಧ್ಯಾಯ ಅನ್ನಿ, ಕವನಕ್ಕೆ ಕವನ ಅನ್ನಿ. ಪುಟದ ಲೆಕ್ಕವನ್ನ ಟೆಂಪ್ಲೇಟ್, ಅಂದ್ರೆ ಪುಟದ ವಿನ್ಯಾಸ ಹೇಳೋ ಬೇರೆ ಫೈಲು, ನೋಡ್ಕೊಳ್ಳುತ್ತೆ.

ಮಾರ್ಕ್‌ಡೌನ್ ಹುಟ್ಟಿದ್ದು 2004ರಲ್ಲಿ. ಜಾನ್ ಗ್ರೂಬರ್ ಅದನ್ನ ಮಾಡಿದ್ದು ವೆಬ್‌ಗೆ ಬರೆಯೋರಿಗೆ, ಎಚ್‌ಟಿಎಂಎಲ್ ಆಗಲಿ ಅಂತ. ವೆಬ್ಬಲ್ಲಿ ಪುಟ ಎಲ್ಲಿ ಮುರಿಯುತ್ತೆ? ಅದಕ್ಕೇ ಅದರಲ್ಲಿ ತಲೆಬರಹಕ್ಕೆ ಹ್ಯಾಶ್ ಇದೆ, ದಪ್ಪಕ್ಷರಕ್ಕೆ ನಕ್ಷತ್ರ ಇದೆ, ಪುಟ ಮುರಿಯೋಕೆ ಏನೂ ಇಲ್ಲ. 2006ರಲ್ಲಿ ಪ್ಯಾನ್‌ಡಾಕ್ ಬಂತು, ಒಂದು ಥರದ ಫೈಲನ್ನ ಇನ್ನೊಂದು ಥರಕ್ಕೆ ಬದಲಾಯಿಸೋ ತಂತ್ರಾಂಶ. ಮಾಡಿದವರು ಜಾನ್ ಮ್ಯಾಕ್‌ಫಾರ್ಲೇನ್, ಬರ್ಕ್ಲಿಯಲ್ಲಿ ತತ್ವಶಾಸ್ತ್ರದ ಪ್ರೊಫೆಸರ್. ಹೌದು, ತತ್ವಶಾಸ್ತ್ರ! ನನಗಂತೂ ಆ ಮನುಷ್ಯನ ಮೇಲೆ ಅಪಾರ ಗೌರವ. ಒಂದೇ ಫೈಲು ಪಿಡಿಎಫ್ ಆಗುತ್ತೆ, ವರ್ಡ್ ಆಗುತ್ತೆ, ಇಪಬ್ ಅನ್ನೋ ಇ-ಪುಸ್ತಕ ಆಗುತ್ತೆ.

ಈಗ ನಿಮ್ಮ ನ್ಯೂಪೇಜ್‌ಗೆ ಬನ್ನಿ. ಅದು ಲೇಟೆಕ್‌ನ, ಅಂದ್ರೆ ಪುಟ ಜೋಡಿಸಿ ಪಿಡಿಎಫ್ ಮಾಡೋ ತಂತ್ರಾಂಶದ, ಆಜ್ಞೆ. ಲೇಟೆಕ್ ಮೂಲಕ ಪಿಡಿಎಫ್ ಮಾಡೋವಾಗ ಕೆಲಸ ಮಾಡುತ್ತೆ, ಸರಿ. ಅದೇ ಫೈಲಿಂದ ವರ್ಡ್ ಮಾಡಿ ನೋಡಿ, ಸದ್ದಿಲ್ಲದೆ ಬಿಟ್ಟುಹೋಗುತ್ತೆ. ಇಪಬ್‌ನಲ್ಲೂ ಅಷ್ಟೆ. ಓದುಗರು ಮೊಬೈಲಲ್ಲಿ ಅಕ್ಷರ ದೊಡ್ಡದು ಮಾಡಿದ ತಕ್ಷಣ ಪುಟಗಳೆಲ್ಲ ಬದಲಾಗುತ್ತೆ, ಅಲ್ಲಿ ನೀವು ಯಾವ ಪುಟ ಮುರೀತೀರಿ?

"ಕ್ವಾರ್ಟೋದಲ್ಲಿ ಪೇಜ್‌ಬ್ರೇಕ್ ಶಾರ್ಟ್‌ಕೋಡ್ ಇದೆ, ವರ್ಡಲ್ಲೂ ನಡೆಯುತ್ತೆ" ಅಂತೀರಿ. ಪ್ಯಾನ್‌ಡಾಕ್ ಮೇಲೆ ಕಟ್ಟಿದ ಆ ಕ್ವಾರ್ಟೋದಲ್ಲಿ ಪುಟ ಮುರಿಯೋ ಗುರುತು ಇದೆ, ಹಾಕಿ. ನಾಳೆ ಪ್ರಕಾಶಕರು "ಎ4 ಬೇಡ, ಡೆಮಿ 1/8 ಮಾಡ್ಕೊಡಿ" ಅಂತಾರೆ. ಎ4ನಲ್ಲಿ ಪುಟದ ತುದಿಗೆ ಸರಿಯಾಗಿ ಬಂದಿದ್ದ ಜಾಗ, ಅದಕ್ಕಿಂತ ಸಣ್ಣ ಅಳತೆಯ ಡೆಮಿಯಲ್ಲಿ ಪುಟದ ಎರಡನೇ ಸಾಲಿಗೆ ಬಂದು ಕೂರುತ್ತೆ. ಎರಡು ಸಾಲು ಅಕ್ಷರ, ಉಳಿದಿದ್ದೆಲ್ಲ ಖಾಲಿ ಹಾಳೆ! ಕಾಗದದ ದುಡ್ಡು ಯಾರು ಕೊಡ್ತಾರೆ?

ಕನ್ನಡದಲ್ಲಿ ಬರೆಯೋರಿಗೆ ಇದು ಇನ್ನೂ ಜಾಸ್ತಿ ಕಾಡುತ್ತೆ, ಕೇಳಿಸ್ಕೊಳ್ಳಿ. ನಮ್ಮಲ್ಲಿ ಒತ್ತಕ್ಷರ ಇದೆ. "ಶಾಸ್ತ್ರ", "ರಾಷ್ಟ್ರ" ಥರ ಒತ್ತಿನ ಕೆಳಗೆ ಒತ್ತು ಬಂದಾಗ, ಇಂಗ್ಲಿಷಿಗೆ ಸಾಕಾಗೋ ಸಾಲಿನ ಅಂತರ ನಮಗೆ ಸಾಲಲ್ಲ, ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತೆ. ಅದಕ್ಕೆ ಫೈಲಿನ ತಲೆಯಲ್ಲಿರೋ ಯಾಮಲ್ ಅನ್ನೋ ಸೆಟ್ಟಿಂಗ್ ಭಾಗದಲ್ಲಿ ಲೈನ್‌ಸ್ಟ್ರೆಚ್ (ಸಾಲಿನ ಅಂತರ) 1.3 ಅಂತ ಮಾಡ್ತೀರಿ. ಆ ಒಂದು ಅಂಕಿ ಬದಲಾದ ಕೂಡಲೇ ಪುಸ್ತಕದ ಪ್ರತಿಯೊಂದು ಪುಟವೂ ಬೇರೆ ಜಾಗದಲ್ಲಿ ಮುಗಿಯುತ್ತೆ. ನೋಟೋ ಸೆರಿಫ್ ಕನ್ನಡ ಬಿಟ್ಟು ಬೇರೆ ಫಾಂಟ್ ಹಾಕಿದ್ರೂ ಇದೇ ಕಥೆ. ಬರೆಯೋವಾಗಲೇ ಪುಟ ಮುರಿಯೋದು ಅಂದ್ರೆ ಎಲೆ ಹಾಕೋ ಮೊದಲೇ ಪಾಯಸ ಬಡಿಸಿದ ಹಾಗೆ!

ಹಾಗಾದ್ರೆ ಏನ್ ಮಾಡ್ಬೇಕು? ಅಧ್ಯಾಯಕ್ಕೆ ಒಂದು ಹ್ಯಾಶ್ ಹಾಕಿ ಸುಮ್ಮನಿರಿ. ಅದೇ ಯಾಮಲ್‌ನಲ್ಲಿ ಡಾಕ್ಯುಮೆಂಟ್‌ಕ್ಲಾಸ್ ಬುಕ್ ಅಂತ ಕೊಟ್ರೆ ಲೇಟೆಕ್ ತಾನಾಗೇ ಹೊಸ ಪುಟಕ್ಕೆ ಹೋಗುತ್ತೆ, ಅದೂ ಬಲಗಡೆ ಪುಟಕ್ಕೆ. ವರ್ಡಿಗೆ ಒಂದು ರೆಫರೆನ್ಸ್ ಡಾಕ್ (ಸ್ಟೈಲುಗಳ ಮಾದರಿ ಫೈಲು) ಮಾಡಿ, ಅದರ ಹೆಡಿಂಗ್ ಒನ್ ಸ್ಟೈಲಲ್ಲಿ ಪೇಜ್ ಬ್ರೇಕ್ ಬಿಫೋರ್ ಅನ್ನೋದಕ್ಕೆ ಟಿಕ್ ಹಾಕಿ. ವೆಬ್, ಇಪಬ್ ವಿನ್ಯಾಸ ಹೇಳೋ ಸಿಎಸ್ಎಸ್‌ನಲ್ಲಿ ಬ್ರೇಕ್ ಬಿಫೋರ್ ಪೇಜ್ ಅಂತ ಬರೀರಿ. ಮೂರೂ ಕಡೆ ಒಂದೊಂದು ಸಲ, ಅಷ್ಟೆ. ಕವನ ಎರಡು ಪುಟಕ್ಕೆ ಒಡೀಬಾರ್ದಾ? ಮೂರು ಕೋಲನ್ ಹಾಕಿ ಕವನ ಅಂತ ಹೆಸರಿಟ್ಟು, ಕೊನೆಗೆ ಮತ್ತೆ ಮೂರು ಕೋಲನ್ನಿಂದ ಮುಚ್ಚಿ. ಸಿಎಸ್ಎಸ್‌ನಲ್ಲಿ ಆ ಹೆಸರಿಗೆ ಬ್ರೇಕ್ ಇನ್‌ಸೈಡ್ ಅವಾಯ್ಡ್ ಅಂತ ಹೇಳಿ. ಲೇಟೆಕ್‌ಗೆ ಪುಟ್ಟ ಲೂವಾ ಫಿಲ್ಟರ್, ಅಂದ್ರೆ ಲೂವಾ ಭಾಷೆಯಲ್ಲಿ ಬರೆದ, ಪ್ಯಾನ್‌ಡಾಕ್ ಓಡಿಸೋ ಸಣ್ಣ ಪ್ರೋಗ್ರಾಂ, ಸಾಕು. ನಾನು ಬರೆದಿರೋ ಫಿಲ್ಟರ್ ಡಿಸ್ಕ್ರಿಪ್ಷನ್‌ನಲ್ಲಿದೆ, ಉಚಿತ. ತಗೊಳ್ಳಿ, ತಗೊಂಡ್ಮೇಲೆ ಸಬ್‌ಸ್ಕ್ರೈಬ್ ಆಗಿ.

ಪ್ಯಾನ್‌ಡಾಕ್‌ಗೆ ಪಿಡಿಎಫ್ ಇಂಜಿನ್, ಅಂದ್ರೆ ಪಿಡಿಎಫ್ ಮಾಡೋ ಲೇಟೆಕ್‌ನ ರೂಪ, ಜ಼ೀಲೇಟೆಕ್ ಅಂತ ಕೊಡೋದು ಮರೀಬೇಡಿ. ಡೀಫಾಲ್ಟ್ ಇಂಜಿನ್‌ಗೆ ಕನ್ನಡ ಬರಲ್ಲ.

"ಪ್ಯಾರಾದ ಕೊನೇ ಸಾಲು ಒಂಟಿಯಾಗಿ ಮುಂದಿನ ಪುಟಕ್ಕೆ ಹೋಗುತ್ತಲ್ಲ, ಅದಕ್ಕಾದ್ರೂ ನ್ಯೂಪೇಜ್ ಬೇಡ್ವಾ?" ಬೇಡ! ಒಂಟಿ ಸಾಲು ತಡೆಯೋ ಲೇಟೆಕ್‌ನ ವಿಡೋ ಪೆನಾಲ್ಟಿ, ಕ್ಲಬ್ ಪೆನಾಲ್ಟಿ ಎರಡಕ್ಕೂ 10000 ಅಂತ ಕೊಡಿ. ಲೇಟೆಕ್‌ಗೆ ತಳಹದಿಯಾದ ಟೆಕ್ ಮಾಡಿದ ಕ್ನೂತ್ ಈ ಕಷ್ಟವನ್ನ ಎಂದೋ ಯೋಚಿಸಿ ಇಟ್ಟಿದ್ದಾರೆ. ನೀವು ಪ್ರತಿ ಪುಟ ಕಾಯ್ತಾ ಕೂರಬೇಕಾಗಿಲ್ಲ.

ಆಮೇಲೆ ವರ್ಡ್‌ನವರು. "ಕಂಟ್ರೋಲ್ ಎಂಟರ್ ಒತ್ತಿದ್ರೆ ಬರುತ್ತೆ." ಒತ್ತಿ ಸ್ವಾಮಿ! ಮುನ್ನೂರು ಪುಟದ ಪುಸ್ತಕದ ಮೊದಲನೇ ಅಧ್ಯಾಯಕ್ಕೆ ಒಂದು ಪ್ಯಾರಾ ಸೇರಿಸಿ, ಆಮೇಲೆ ಬಂದು ಮಾತಾಡಿ. ಎಂಟರ್ ಮೇಲೆ ಎಂಟರ್ ಒತ್ತಿ ಪುಟ ದಾಟಿಸೋರೂ ಇದ್ದಾರೆ, ಅವರ ಹತ್ರ ನಾನು ವಾದ ಮಾಡಲ್ಲ.

"ಪ್ರೆಸ್ಸಿಗೆ ಕಳಿಸೋ ಮೊದಲು ಒಂದೆರಡು ಕಡೆ ಕೈಯಲ್ಲಿ ತಿದ್ದಲೇಬೇಕು" ಅಂತ ದೊಡ್ಡವರೊಬ್ಬರು ಹೇಳಿದ್ರು. ತಿದ್ದಿ, ಬೇರೆ ಕಾಪಿ ಇಟ್ಕೊಂಡು ತಿದ್ದಿ. ಮೂಲ ಫೈಲ್ ಮುಟ್ಟಬೇಡಿ. ಬರೆದ ಫೈಲಿಗೂ ಪುಟಕ್ಕೂ ಸಂಬಂಧ ಇಲ್ಲ! ಎಷ್ಟು ಸಲ ಹೇಳಲಿ? ಇಲ್ಲ ಅಂದ್ರೆ ಇಲ್ಲ! ಇನ್ಮೇಲೆ ನ್ಯೂಪೇಜ್ ತುಂಬಿರೋ ಫೈಲು ಕಳಿಸಿ "ಸ್ವಲ್ಪ ಸರಿ ಮಾಡಿ ಸರ್" ಅಂದ್ರೆ ನಾನು ತೆರೆಯೋದೇ ಇಲ್ಲ.

ಡೆಮಿ 1/8ಕ್ಕೆ ನಾನು ಮಾಡಿರೋ ಟೆಂಪ್ಲೇಟ್ ಬೇಕಾದವರು "ಡೆಮಿ" ಅಂತ ಕಾಮೆಂಟ್ ಮಾಡಿ, ಲಿಂಕ್ ಹಾಕ್ತೀನಿ. ಅದರಲ್ಲಿ ಅಡಿಟಿಪ್ಪಣಿ ಇನ್ನೂ ನನಗೆ ಬೇಕಾದ ಹಾಗೆ ಕೂತಿಲ್ಲ. ಲೂವಾ ಬಲ್ಲವರು ಯಾರಾದ್ರೂ ಇದ್ರೆ ಕೈ ಜೋಡಿಸಿ. ಬರ್ತೀನಿ, ನಮಸ್ಕಾರ.