"ಆಯ್ತು ಬಿಡು" ಅಂದರೆ ಕೋಪಾನಾ? ಮೆಸೇಜಿಗೆ ದನಿ ಕೊಡುವ ಪುಟ್ಟ ಚಿಹ್ನೆಗಳು

[ಪರದೆಯ ಮೇಲೆ: ಮೊಬೈಲ್ ಚಾಟ್. ಒಂದೇ ಸಾಲು – "ಆಯ್ತು ಬಿಡು."]

ನಮಸ್ಕಾರ. ಈ ಸಾಲನ್ನು ಒಮ್ಮೆ ಮನಸ್ಸಿನಲ್ಲೇ ಓದಿಕೊಳ್ಳಿ. ಬರೆದವರಿಗೆ ಕೋಪ ಬಂದಿದೆಯಾ, ಇಲ್ವಾ?

ಗೌರಿ ಹಬ್ಬಕ್ಕೆ ಬಾಗಿನ ತಗೊಂಡು ಬರೋಕೆ ಈ ಸಲ ಆಗಲ್ಲ ಅಂತ ತಂಗಿಗೆ ಮೆಸೇಜ್ ಹಾಕಿದ್ದೆ. ಬಂದ ಉತ್ತರ ಇಷ್ಟೇ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ಫೋನ್ ಮಾಡಿದರೆ ಅವಳು ಆರಾಮಾಗಿ ಮಾತಾಡಿದಳು. ಒಲೆ ಮುಂದೆ ನಿಂತು ಒಂದೇ ಕೈಯಲ್ಲಿ ಟೈಪ್ ಮಾಡಿದ್ದಳಂತೆ. ಎದುರಿಗಿದ್ದಿದ್ದರೆ "ಆಯ್ತು ಬಿಡಣ್ಣ" ಅಂದಿರುತ್ತಿದ್ದಳು. ಆ ಒಂದು "ಅಣ್ಣ" ಇಲ್ಲದೆ ಇಡೀ ಮಾತಿನ ಬಣ್ಣವೇ ಬದಲಾಯಿತು.

ಕನ್ನಡದಲ್ಲಿ ದನಿಯ ಕೆಲಸ ಮಾಡುವ ಇಂಥ ಚಿಕ್ಕ ಪದಗಳು ತುಂಬಾ ಇವೆ. ಕಣೋ, ಕಣೇ, ರೀ, ಮಾರಾಯ. "ಬರಲ್ಲ" ಅಂದರೆ ಮುಖಕ್ಕೆ ಹೊಡೆದ ಹಾಗಿರುತ್ತದೆ. "ಬರಲ್ಲ ಮಾರಾಯ" ಅಂದರೆ ಹೆಗಲ ಮೇಲೆ ಕೈ ಹಾಕಿ ಹೇಳಿದ ಹಾಗೆ. ಟೈಪ್ ಮಾಡುವ ಅವಸರದಲ್ಲಿ ನಾವು ಮೊದಲು ಕೈಬಿಡೋದು ಇವನ್ನೇ.

[ಪರದೆಯ ಮೇಲೆ: 19 ಸೆಪ್ಟೆಂಬರ್ 1982, ಬೆಳಿಗ್ಗೆ 11:44]

ಈ ತೊಂದರೆ ಹಳೆಯದು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿರುವ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಭಾಗದವರು ಆನ್‌ಲೈನ್ ಬೋರ್ಡ್ ಒಂದರಲ್ಲಿ ಹರಟುತ್ತಿದ್ದರು. ಬೀಳುತ್ತಿರುವ ಲಿಫ್ಟ್‌ನಲ್ಲಿ ಪಾದರಸದ ಹನಿ ಏನಾಗುತ್ತದೆ ಅನ್ನೋದು ಮಾತು. ಒಬ್ಬರು ತಮಾಷೆಗೆ, ಲಿಫ್ಟ್‌ನಲ್ಲಿ ನಿಜವಾಗಿಯೂ ಪಾದರಸ ಚೆಲ್ಲಿದೆ ಅಂತ ಎಚ್ಚರಿಕೆ ಬರೆದರು. ಕೆಲವರು ಅದನ್ನು ನಂಬಿಯೇಬಿಟ್ಟರು. ತಮಾಷೆಗೆ ಒಂದು ಗುರುತು ಬೇಕು ಅಂತ ಚರ್ಚೆ ಶುರುವಾಯಿತು. ಆಗ ಪ್ರೊಫೆಸರ್ ಸ್ಕಾಟ್ ಫಾಲ್ಮನ್ ಕೊಟ್ಟ ಗುರುತು ಇದು:

:-)

ತಲೆ ಸ್ವಲ್ಪ ಎಡಕ್ಕೆ ವಾಲಿಸಿ ನೋಡಿ. ನಗುಮುಖ ಕಾಣಿಸಿತಲ್ವಾ? ನನಗೆ ತುಂಬಾ ಇಷ್ಟವಾದ ವಿಷಯ ಇನ್ನೊಂದಿದೆ. ಅದೇ ಮೆಸೇಜಿನಲ್ಲಿ ಅವರು :-( ಕೂಡ ಕೊಟ್ಟಿದ್ದರು. ಅದರ ಅರ್ಥ ದುಃಖ ಅಲ್ಲ, "ಇದು ತಮಾಷೆಯಲ್ಲ" ಅಂತ! ದುಃಖದ ಅರ್ಥ ಅದಕ್ಕೆ ಆಮೇಲೆ ಅಂಟಿಕೊಂಡಿತು.

ಜಪಾನಿನವರು ತಲೆ ವಾಲಿಸಬೇಕಿಲ್ಲದ (^_^) ಬಳಸಿದರು. ಅಲ್ಲಿಯದೇ ಡೊಕೊಮೊ ಅನ್ನೋ ಮೊಬೈಲ್ ಕಂಪನಿಗೆ ಶಿಗೆತಾಕಾ ಕುರಿಟಾ 1999ರಲ್ಲಿ 176 ಪುಟ್ಟ ಎಮೋಜಿ ಚಿತ್ರಗಳನ್ನು ಮಾಡಿಕೊಟ್ಟರು.

ಹಾಗಾದರೆ ಈ ಚಿಹ್ನೆಗಳನ್ನು ಎಲ್ಲಿ ಹಾಕಬೇಕು? ಬಾಯಲ್ಲಿ ಹೇಳುವಾಗ "ಕಣೋ" ಎಲ್ಲಿ ಬರುತ್ತದೋ ಅಲ್ಲಿ. "ಎಷ್ಟು ಹೊತ್ತಿಗೆ ಬರ್ತೀಯ" ಅನ್ನೋದಕ್ಕೆ ಏನೂ ಬೇಡ, ಅದು ಬರೀ ಪ್ರಶ್ನೆ. "ಈಗ ನೆನಪಾಯ್ತಾ" ಅನ್ನೋದಕ್ಕೆ ಖಂಡಿತ ಬೇಕು, ಅದನ್ನು ಎರಡು ಥರ ಓದಬಹುದು. ಸಾಲಿಗೊಂದು ಹಾಕಿದರೆ ಯಾವುದಕ್ಕೂ ಬೆಲೆ ಉಳಿಯಲ್ಲ.

[ಪರದೆಯ ಮೇಲೆ: ಕಣ್ಣೀರಿರುವ ಎರಡು ಮುಖಗಳು, ಪಕ್ಕಪಕ್ಕದಲ್ಲಿ]

ಕೊನೆಗೆ ಇದು, ದಯವಿಟ್ಟು ಗಮನಿಸಿ. ಫ್ಯಾಮಿಲಿ ಗ್ರೂಪಿನಲ್ಲಿ ಸಾವಿನ ಸುದ್ದಿ ಬರುತ್ತದೆ. ಹಿರಿಯರೊಬ್ಬರು ಕಣ್ಣೀರಿನ ಮುಖ ಹಾಕುತ್ತಾರೆ. ಅದು ನಕ್ಕು ನಕ್ಕು ಕಣ್ಣೀರು ಬಂದ ಮುಖ. 2015ರಲ್ಲಿ ಆಕ್ಸ್‌ಫರ್ಡ್ ಡಿಕ್ಷನರಿಯವರು ವರ್ಷದ ಪದ ಅಂತ ಆರಿಸಿದ್ದು ಇದನ್ನೇ. ಪಾಪ, ಆ ಹಿರಿಯರು ನಿಜವಾಗಿಯೂ ಅಳುತ್ತಿರುತ್ತಾರೆ. ಸಣ್ಣ ಪರದೆಯಲ್ಲಿ ಅವರಿಗೆ ಕಾಣೋದು ನೀರು ಮಾತ್ರ.

ಗ್ರೂಪಿನಲ್ಲಿ ಎಲ್ಲರ ಮುಂದೆ ತಿದ್ದಬೇಡಿ. ಪಕ್ಕ ಕೂತು ಫೋನ್ ತೆಗೆದು ಎರಡೂ ಮುಖ ತೋರಿಸಿ. ಕಣ್ಣು ಬೇಡ, ಬಾಯಿ ನೋಡಿ ಅಂತ ಹೇಳಿ. ಹಲ್ಲು ಕಂಡರೆ ಅದು ನಗು.