ಊರು ಕರೆಯುವ ಹೆಸರು

ಕೇಳುಗರೇ, ನಮಸ್ಕಾರ.

2003ರ ಕೊನೆಯ ತಿಂಗಳುಗಳು. ಗೂಗಲ್‌ನಲ್ಲಿ ‘ಮಿಸರಬಲ್ ಫೇಲ್ಯೂರ್’ ಅಂತ ಹುಡುಕಿದರೆ ಎಲ್ಲಕ್ಕಿಂತ ಮೇಲೆ ಬರುತ್ತಿದ್ದದ್ದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಅವರ ಪರಿಚಯ. ಅದೂ ವೈಟ್ ಹೌಸ್‌ನ ಅಧಿಕೃತ ಪುಟ! ‘ಹೀನಾಯ ಸೋಲು’ ಅನ್ನುವ ಅರ್ಥದ ಆ ಎರಡು ಪದ ಆ ಪುಟದಲ್ಲಿ ಎಲ್ಲೂ ಇರಲಿಲ್ಲ.

ಮತ್ತೆ ಎಲ್ಲಿಂದ ಬಂತು? ಬೇರೆಯವರ ಪುಟಗಳಿಂದ. ಅಂತರ್ಜಾಲದಲ್ಲಿ ಓದುವಾಗ ನೀಲಿ ಬಣ್ಣದ, ಅಡಿಗೆರೆ ಎಳೆದ ಪದಗಳನ್ನು ನೋಡಿರುತ್ತೀರಿ. ಒತ್ತಿದರೆ ಇನ್ನೊಂದು ಪುಟ ತೆರೆಯುತ್ತದೆ. ಅದು ಲಿಂಕ್. ನಾವು ಒತ್ತುವ ಆ ಪದಗಳಿಗೆ ಆಂಕರ್ ಟೆಕ್ಸ್ಟ್ ಅನ್ನುತ್ತಾರೆ. ಬುಷ್ ಅವರನ್ನು ಒಪ್ಪದ ಜನ ತಮ್ಮ ತಮ್ಮ ಪುಟಗಳಲ್ಲಿ ಆ ಎರಡು ಪದ ಬರೆದು, ಅದರಿಂದ ವೈಟ್ ಹೌಸ್‌ಗೆ ಲಿಂಕ್ ಕೊಟ್ಟಿದ್ದರು. ಗೂಗಲ್ ನಂಬಿತು.

ನಮ್ಮ ಊರುಗಳಲ್ಲೂ ಹೀಗೇ ಅಲ್ವಾ? ತೊಟ್ಟಿಲಲ್ಲಿ ಇಟ್ಟ ಹೆಸರು ಒಂದು, ಊರು ಕರೆಯುವ ಹೆಸರು ಇನ್ನೊಂದು. ಹೊಸಬರು ಬಂದು ಮನೆ ಕೇಳಿದರೆ ಊರು ಕರೆಯುವ ಹೆಸರಿಗೇ ದಾರಿ ಸಿಗುತ್ತದೆ. ಗೂಗಲ್ ಕಟ್ಟಿದ ಸೆರ್ಗೆ ಬ್ರಿನ್, ಲ್ಯಾರಿ ಪೇಜ್ 1998ರ ಪ್ರಬಂಧದಲ್ಲೇ ಇದನ್ನು ಬರೆದಿದ್ದರು. ಒಂದು ಪುಟ ಏನು ಅನ್ನೋದನ್ನ ಎಷ್ಟೋ ಸಲ ಆ ಪುಟಕ್ಕಿಂತ ಅದರ ಕಡೆಗೆ ಬರುವ ಲಿಂಕ್‌ನ ಪದಗಳೇ ಚೆನ್ನಾಗಿ ಹೇಳುತ್ತವೆ ಅಂತ. ಅಕ್ಷರವೇ ಇಲ್ಲದ ಚಿತ್ರ ಕೂಡ ಇದರಿಂದ ಹುಡುಕಿದವರ ಕೈಗೆ ಸಿಗುತ್ತದೆ. ನನಗೆ ಬಹಳ ಹಿಡಿಸಿದ ಯೋಚನೆ ಇದು.

ಆದರೆ ನಂಬಿಕೆ ಇದ್ದಲ್ಲಿ ವ್ಯಾಪಾರ ನುಗ್ಗುತ್ತದೆ. 2011ರಲ್ಲಿ ಅಮೆರಿಕದ ಜೆ.ಸಿ. ಪೆನ್ನಿ ಅಂಗಡಿಯ ವಿಷಯ ಪತ್ರಿಕೆಯಲ್ಲಿ ಬಂತು. ಬಟ್ಟೆಗೆ ಸಂಬಂಧವೇ ಇಲ್ಲದ ಎಷ್ಟೋ ತಾಣಗಳಲ್ಲಿ ‘ಬ್ಲ್ಯಾಕ್ ಡ್ರೆಸೆಸ್’ ಥರದ ಪದಗಳಿಂದ ಆ ಅಂಗಡಿಗೆ ಲಿಂಕ್ ಇತ್ತು. ಹಾಗಾಗಿ ಆ ಪದಗಳನ್ನು ಹುಡುಕಿದರೆ ಅದೇ ಅಂಗಡಿ ಮೇಲೆ ಬರುತ್ತಿತ್ತು. ಗೂಗಲ್ ಅದನ್ನು ಕೆಳಕ್ಕೆ ತಳ್ಳಿತು. ಬುಷ್ ಪುಟದಂಥ ಚೇಷ್ಟೆಗೆ 2007ರಲ್ಲೇ ಕಡಿವಾಣ ಬಿದ್ದಿತ್ತು. 2012ರ ಏಪ್ರಿಲ್‌ನಲ್ಲಿ ಗೂಗಲ್ ಹುಡುಕುವ ವಿಧಾನದಲ್ಲೇ ಪೆಂಗ್ವಿನ್ ಅನ್ನುವ ಬದಲಾವಣೆ ಬಂತು. ಒಂದೇ ಪದವನ್ನು ಸಾವಿರ ಕಡೆ ಅಂಟಿಸಿ ಮೇಲೇರುತ್ತಿದ್ದವರು ಆಗ ಜಾರಿ ಬಿದ್ದರು.

ಇಷ್ಟಾದರೂ ಲಿಂಕ್‌ನ ಪದಕ್ಕೆ ಬೆಲೆ ಹೋಗಿಲ್ಲ. ಬಹಳ ವರ್ಷ ‘ಕ್ಲಿಕ್ ಹಿಯರ್’ ಅಂತ ಹುಡುಕಿದರೆ ಪಿಡಿಎಫ್ ಕಡತ ಓದಲು ಬಳಸುವ ಅಡೋಬಿ ರೀಡರ್ ಸಾಫ್ಟ್‌ವೇರ್‌ನ ಪುಟ ಬರುತ್ತಿತ್ತು. ಲೋಕದ ತುಂಬ ಜನ ಆ ಎರಡು ಪದದಿಂದಲೇ ಅದಕ್ಕೆ ಲಿಂಕ್ ಕೊಟ್ಟಿದ್ದರಲ್ಲ, ಅದಕ್ಕೆ.

ಕನ್ನಡದಲ್ಲಿ ನಾವೂ ಸುಮ್ನೆ ‘ಇಲ್ಲಿ ಕ್ಲಿಕ್ ಮಾಡಿ’ ಅಂತ ಬರೆದುಬಿಡುತ್ತೇವೆ. ನನಗೆ ಜಾಸ್ತಿ ಬೇಸರ ಇದರ ಬಗ್ಗೆಯೇ. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ಸಾಫ್ಟ್‌ವೇರ್ ಇದೆ. ಲಿಂಕ್‌ಗಳನ್ನಷ್ಟೇ ಸಾಲಾಗಿ ಓದು ಅಂದರೆ ಅದು ಓದುತ್ತದೆ. ಇಲ್ಲಿ ಕ್ಲಿಕ್ ಮಾಡಿ. ಇಲ್ಲಿ ಕ್ಲಿಕ್ ಮಾಡಿ. ಇಲ್ಲಿ ಕ್ಲಿಕ್ ಮಾಡಿ. ಕೇಳುವವರು ಯಾವುದನ್ನು ಒತ್ತಬೇಕು? ಅದರ ಬದಲು ‘ರೇಷನ್ ಕಾರ್ಡ್ ತಿದ್ದುಪಡಿ ಅರ್ಜಿ’ ಅಂತ ಬರೆಯಿರಿ. ಅವರಿಗೂ ತಿಳಿಯುತ್ತದೆ, ಗೂಗಲ್‌ಗೂ ತಿಳಿಯುತ್ತದೆ. ನಾಳೆ ಆ ಅರ್ಜಿಯನ್ನು ಕನ್ನಡದಲ್ಲೇ ಹುಡುಕುವವರಿಗೆ ಅದು ಸಿಗುವುದೂ ಸುಲಭ.

ನಮಸ್ಕಾರ.