ಕಾರ್ಡ್ ಒಂದೇ, ತಾರೀಖು ಎರಡು: ಹಜಾರ್ಡಸ್ ರಿನ್ಯೂವಲ್ ವ್ಲಾಗ್

ನನ್ನ ಡ್ರೈವಿಂಗ್ ಲೈಸೆನ್ಸ್ ಕಾರ್ಡನ್ನು ಕ್ಯಾಮೆರಾ ಹತ್ತಿರ ಹಿಡಿದಿದ್ದೇನೆ. ನಂಬರ್ ಮೇಲೆ ಹೆಬ್ಬೆರಳು ಇದೆ, ಅದನ್ನು ತೆಗಿ ಅಂತ ಯಾರೂ ಕಾಮೆಂಟ್ ಹಾಕಬೇಡಿ. ಮುಂದುಗಡೆ ನೋಡಿ, ಟಿಆರ್ ಅಂತ ಇದೆ, ಅದು ಟ್ರಾನ್ಸ್‌ಪೋರ್ಟ್ ಅವಧಿ. ಈಗ ತಿರುಗಿಸುತ್ತೇನೆ. ಇಲ್ಲಿ, ಸಣ್ಣ ಅಕ್ಷರದಲ್ಲಿ, ಹಜಾರ್ಡಸ್ ವ್ಯಾಲಿಡಿಟಿ, ಅಂದರೆ ಅಪಾಯಕಾರಿ ಮಾಲು ಹೊರುವ ಅನುಮತಿಯ ಅವಧಿ. ಎರಡೂ ಬೇರೆ ಬೇರೆ ತಾರೀಖು. ನಮ್ಮಲ್ಲಿ ಸುಮಾರು ಜನ ಮುಂದಿನದನ್ನು ನೋಡಿ ಇನ್ನೂ ಟೈಮ್ ಇದೆ ಅಂತ ಜೇಬಿಗೆ ಹಾಕಿಕೊಳ್ಳುತ್ತಾರೆ, ಪೆಟ್ರೋಲ್ ಡಿಪೋ ಗೇಟಿನವರು ನೋಡುವುದು ಕಾರ್ಡ್ ಹಿಂಬದಿಯದನ್ನು. ಖಾಲಿ ಟ್ಯಾಂಕರ್ ತಗೊಂಡು ಗೇಟಿನಿಂದಲೇ ವಾಪಸ್ ಹೋದ ಡ್ರೈವರ್‌ಗಳನ್ನು ನಾನೇ ನೋಡಿದ್ದೇನೆ. ಆ ದಿನದ ಬಾಟಾ, ಅಂದರೆ ಭತ್ಯೆ, ಯಾರು ಕೊಡುತ್ತಾರೆ? ಯಾರೂ ಕೊಡುವುದಿಲ್ಲ.

ಲೆಕ್ಕ ಹೀಗಿದೆ. ಲಾರಿ, ಬಸ್, ಯಾವುದೇ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಮೊದಲು 3 ವರ್ಷಕ್ಕೆ ಕೊಡುತ್ತಿದ್ದರು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದರಲ್ಲ, ದಂಡ ಜಾಸ್ತಿ ಮಾಡಿದರು ಅಂತ ಎಲ್ಲರೂ ಬೈದರಲ್ಲ, ಅದೇ ತಿದ್ದುಪಡಿಯಲ್ಲಿ ಇದನ್ನು 5 ವರ್ಷ ಮಾಡಿದರು. ಪೆಟ್ರೋಲು, ಗ್ಯಾಸು, ಆಸಿಡ್ಡು ಹೊರುವವರಿಗೆ ಲೈಸೆನ್ಸ್ ಮೇಲೆ ಬೇಕಾದ ಹೆಚ್ಚುವರಿ ಅನುಮತಿ, ಹಜಾರ್ಡಸ್ ಎಂಡಾರ್ಸ್‌ಮೆಂಟ್, ಮೊದಲು ವರ್ಷಾ ವರ್ಷಾ ಮಾಡಿಸಬೇಕಿತ್ತು, ಅದನ್ನು 3 ವರ್ಷ ಮಾಡಿದರು. ಒಳ್ಳೆಯದೇ. ಆದರೆ 5 ಮತ್ತು 3 ಯಾವಾಗ ಒಂದೇ ದಿನ ಬರುತ್ತವೆ ಹೇಳಿ? 15 ವರ್ಷಕ್ಕೊಂದು ಸಲ! ಎರಡನ್ನೂ 3 ಅಂತ ಇಟ್ಟಿದ್ದರೆ ಒಂದೇ ಓಡಾಟದಲ್ಲಿ ಮುಗಿಯುತ್ತಿತ್ತು. ಯೋಚನೆ ಮಾಡಿದವರು ಯಾವತ್ತೂ ಲೋಡ್ ಬಿಟ್ಟು ಆರ್‌ಟಿಒ ಮುಂದೆ ನಿಂತವರಲ್ಲ, ಅಷ್ಟು ಗ್ಯಾರಂಟಿ.

ನನ್ನ ಟಿಆರ್ ಇನ್ನೂ ಮುಗಿದಿಲ್ಲ, ಹಜಾರ್ಡಸ್ ಮುಗಿಯುತ್ತಾ ಬಂದಿದೆ. ಮುಗಿಯುವುದಕ್ಕೆ ಒಂದು ವರ್ಷ ಇರುವಾಗಲೇ ರಿನ್ಯೂವಲ್‌ಗೆ ಅರ್ಜಿ ಹಾಕಬಹುದು, ಹಾಗಾಗಿ ಎರಡನ್ನೂ ಒಟ್ಟಿಗೆ ಹಿಡಿದುಕೊಂಡೆ. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕು. ಇಪ್ಪತ್ತು ಚಿಲ್ಲರೆ ಸಾವಿರ ಲೀಟರ್ ಹೊತ್ತುಕೊಂಡು ಘಾಟ್ ಇಳಿಸುವವನು ಅಲ್ಲಿ ಹೋಗಿ ರಿವರ್ಸ್ ಹಾಕಿ ತೋರಿಸಬೇಕು, ಬೇಕಾ ನಮಗೆ?

ಹಾಂ, ಹಜಾರ್ಡಸ್ ಪಕ್ಕದಲ್ಲೇ ಹಿಲ್ ವ್ಯಾಲಿಡಿಟಿ ಅಂತ ಇನ್ನೊಂದು ಜಾಗ ಇದೆ, ಖಾಲಿ. ಉತ್ತರಾಖಂಡದ ಕಡೆ ಬೆಟ್ಟದ ದಾರಿಯಲ್ಲಿ ಗಾಡಿ ಓಡಿಸಲು ಅದಕ್ಕೂ ಎಂಡಾರ್ಸ್‌ಮೆಂಟ್ ಕೇಳುತ್ತಾರೆ. ನಮ್ಮಲ್ಲಿ ಕೇಳುವುದಿಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿನಲ್ಲಿ ಒಂದು ಕಡೆ ಗುಡ್ಡ ಕುಸಿದು ಇನ್ನೊಂದು ಕಡೆ ವಾಲ್ವೋ ಬಸ್ಸು ಹಾರ್ನ್ ಹೊಡೆಯುವಾಗ ನನಗೂ ಒಂದು ಹಿಲ್ ಸೀಲ್ ಕೊಡಿ ಅನಿಸುತ್ತದೆ. ಸರಿ, ಕ್ಲಿನಿಕ್ ಬಂತು.

ಇದು ಆರ್‌ಟಿಒ ಎದುರಿನ ಒಂದು ಕ್ಲಿನಿಕ್. ಬೋರ್ಡ್ ಬ್ಲರ್ ಮಾಡಿದ್ದೇನೆ. ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಅಂದರೆ ಫಾರಂ 1ಎ ಬೇಕೇ ಬೇಕು, ಮೆಡಿಕಲ್ ಸರ್ಟಿಫಿಕೇಟ್. ಒಳಗೆ ಶೂಟ್ ಮಾಡಲು ಬಿಡಲಿಲ್ಲ, ಅದಕ್ಕೆ ಇಲ್ಲಿ ಸುಮ್ನೆ ಚಪ್ಪಲಿ ಸ್ಟ್ಯಾಂಡ್ ಕಾಣುತ್ತಿದೆ, ಅದನ್ನೇ ನೋಡುತ್ತಾ ಕೇಳಿ. ಒಳಗೆ ಹೋದೆ. ಡಾಕ್ಟರ್ ತಲೆ ಎತ್ತಲಿಲ್ಲ. ಪಕ್ಕದ ಹುಡುಗ ಮುನ್ನೂರು ರೂಪಾಯಿ ಅಂದ. ಕೊಟ್ಟೆ. ಡಾಕ್ಟರ್ ಫಾರಂ ಮೇಲೆ ಎಲ್ಲ ಕಡೆ ಟಕಟಕ ಟಿಕ್ ಹಾಕಿ, ಸಹಿ ಹಾಕಿ, ಸೀಲ್ ಒತ್ತಿದರು. ಆಯ್ತು. ನಾನು ಇನ್ನೂ ಕುಳಿತೇ ಇರಲಿಲ್ಲ!

ಆ ಫಾರಂನಲ್ಲಿ ಏನಿದೆ ಗೊತ್ತಾ? ಹಗಲು ಬೆಳಕಲ್ಲಿ 25 ಮೀಟರ್ ದೂರದಿಂದ ಗಾಡಿ ನಂಬರ್ ಪ್ಲೇಟ್ ಓದಬಲ್ಲನಾ, ಕೆಂಪು ಹಸಿರು ಗೊತ್ತಾಗುತ್ತಾ, ಇರುಳುಗಣ್ಣು ಇದೆಯಾ, ಕಿವಿ ಸರಿಯಾಗಿ ಕೇಳುತ್ತಾ. ಎಲ್ಲಾ ನಮ್ಮ ಜೀವಕ್ಕೆ ಸಂಬಂಧಪಟ್ಟ ಪ್ರಶ್ನೆಗಳು. ನಾನು ಹೇಳಿದೆ, ಡಾಕ್ಟ್ರೇ, ಕಣ್ಣು ನೋಡಲಿಲ್ಲವಲ್ಲ ಅಂತ. ಅವರು ಕನ್ನಡಕದ ಮೇಲಿಂದ ನೋಡಿ, 'ನಿಮಗೇನಾದರೂ ತೊಂದರೆ ಇದೆಯಾ?' ಅಂದರು. ಇಲ್ಲ ಸರ್ ಅಂದೆ. 'ಮತ್ತೆ?' ಅಂದರು. ಹಿಂದಿದ್ದ ಗೂಡ್ಸ್ ಆಟೋದವರು ನಗುತ್ತಿದ್ದರು, ಒಬ್ಬರು 'ಅಣ್ಣಾ, ಸೀಲ್ ಬಿತ್ತಲ್ಲ, ಬನ್ನಿ ಆಚೆ' ಅಂದರು.

ನಂಗೆ ಸಿಟ್ಟು ಬಂದಿದ್ದು ಮುನ್ನೂರು ರೂಪಾಯಿಗಲ್ಲ. ಇಲ್ಲ, ಸ್ವಲ್ಪ ಮುನ್ನೂರು ರೂಪಾಯಿಗೂ ಹೌದು. ರಿನ್ಯೂವಲ್‌ಗೆ ಸರ್ಕಾರ ತಗೊಳ್ಳುವುದೇ 200, ಸ್ಮಾರ್ಟ್ ಕಾರ್ಡ್‌ಗೆ ಇನ್ನೊಂದು 200. ಅದಕ್ಕೆ ಹತ್ತಿರ ಹತ್ತಿರ ದುಡ್ಡು ಬರೀ ಒಂದು ಸೀಲಿಗೆ. ರಾತ್ರಿ ಸಿರಾ ರೋಡಲ್ಲಿ ಎದುರಿನಿಂದ ಎಲ್‌ಇಡಿ ಹೈಬೀಮ್ ಹಾಕಿಕೊಂಡು ಬರುತ್ತಾರಲ್ಲ, ಈಚೆಗೆ ಅದು ಹೋದ ಮೇಲೂ ನನಗೆ ಒಂದು ಕ್ಷಣ ಬಿಳಿ ಮಚ್ಚೆ ಉಳಿಯುತ್ತಿತ್ತು. ಅದನ್ನು ತೋರಿಸೋಣ ಅಂತಲೇ ಹೋಗಿದ್ದು, ಅಲ್ಲಿ ಹೇಳಲು ಬಾಯೇ ಬರಲಿಲ್ಲ. ಕೊನೆಗೆ ಬೇರೆ ಕಡೆ ಕಣ್ಣಿನ ಡಾಕ್ಟರ್ ಹತ್ತಿರ ಹೋದೆ. ಡ್ರಾಪ್ಸ್ ಹಾಕಿ ಕೂರಿಸಿದರು, ಆ ಮಧ್ಯಾಹ್ನ ಎಲ್ಲಾ ಮಂಜು ಮಂಜು, ಫೋನಲ್ಲಿ ಒಂದು ಅಕ್ಷರ ಓದಲು ಆಗಲಿಲ್ಲ. ದೂರದ ನೋಟ ಚೆನ್ನಾಗಿದೆ ಅಂದರು, ಕಣ್ಣು ಒಣಗುತ್ತಿದೆ ಅಂತ ಡ್ರಾಪ್ಸ್ ಬರೆದುಕೊಟ್ಟರು. ಈಗ ಪರವಾಗಿಲ್ಲ. ಡ್ರೈವರ್‌ಗಳು ದಯವಿಟ್ಟು ಕೇಳಿ, ಸೀಲ್ ಬೇರೆ, ಕಣ್ಣು ಬೇರೆ. ಸೀಲ್ ಎದುರು ಕ್ಲಿನಿಕ್‌ನಲ್ಲಿ ಮಾಡಿಸಿ, ಕಣ್ಣು ಬೇರೆ ಕಡೆ ತೋರಿಸಿ. ಇದು ತಪ್ಪು ಸಲಹೆ ಅಂತ ನನಗೂ ಗೊತ್ತು, ಆದರೆ ಸದ್ಯಕ್ಕೆ ನಡೆಯುವುದು ಹೀಗೇ.

ಇದು ಟ್ರೈನಿಂಗ್ ಕ್ಲಾಸ್. ಫ್ಯಾನ್ ಸದ್ದು ಜಾಸ್ತಿ ಇದೆ, ಅದಕ್ಕೆ ಸೌಂಡ್ ತೆಗೆದಿದ್ದೇನೆ. ಮೊದಲನೇ ಸಲ ಹಜಾರ್ಡಸ್ ಮಾಡಿಸುವವರಿಗೆ ಮೂರು ದಿನದ ಕೋರ್ಸ್, ರಿನ್ಯೂವಲ್‌ಗೆ ಒಂದು ದಿನದ ರಿಫ್ರೆಶರ್. ಹೋಗುವಾಗ ಇದು ಬರೀ ಸಹಿ ಹಾಕಿಸಿಕೊಳ್ಳುವ ಕಾರ್ಯಕ್ರಮ ಅಂದುಕೊಂಡೇ ಹೋದೆ. ಬೆಳಗ್ಗೆ ಹಾಗೇ ಇತ್ತು, ಪ್ರೊಜೆಕ್ಟರ್, ಸೀಟ್ ಬೆಲ್ಟ್, ನಿದ್ದೆ. ಊಟ ಆದ ಮೇಲೆ ಬಂದ ಮೇಷ್ಟ್ರು ಬೇರೆ ತರಹದವರು. ನೇರವಾಗಿ 2012ರ ಕೇರಳದ ಕಣ್ಣೂರಿನ ಚಾಲಾ ದುರಂತವನ್ನು ಎತ್ತಿಕೊಂಡರು. ಮಂಗಳೂರಿಂದ ಹೋಗಿದ್ದ ಗ್ಯಾಸ್ ಟ್ಯಾಂಕರ್ ಅದು. ಆಮೇಲೆ 2013, ನಮ್ಮ ಉಪ್ಪಿನಂಗಡಿ ಹತ್ತಿರದ ಪೆರ್ನೆ. ಅಲ್ಲೂ ಗ್ಯಾಸಿನ ಬುಲೆಟ್ ಟ್ಯಾಂಕರ್ ಹೆದ್ದಾರಿಯಲ್ಲಿ ಮಗುಚಿದ್ದು. ಆಮೇಲೆ 2024ರ ಡಿಸೆಂಬರ್, ಜೈಪುರ, ಯೂ ಟರ್ನ್ ತಗೊಳ್ಳುತ್ತಿದ್ದ ಗ್ಯಾಸ್ ಟ್ಯಾಂಕರ್‌ಗೆ ಲಾರಿ ಗುದ್ದಿದ್ದು. ಗ್ಯಾಸ್ ಗಾಳಿಗಿಂತ ಭಾರ, ಮೇಲೆ ಹೋಗುವುದಿಲ್ಲ, ನೆಲ ಹಿಡಿದು ತಗ್ಗಿನ ಕಡೆ ಹರಿಯುತ್ತದೆ, ಒಲೆ ಇರುವ ಮನೆಗೆ ಹೋಗಿ ಮುಟ್ಟುತ್ತದೆ ಅಂತ ಬೋರ್ಡ್ ಮೇಲೆ ಗೆರೆ ಎಳೆದು ತೋರಿಸಿದರು. ನಿದ್ದೆ ಮಾಡುತ್ತಿದ್ದವರೆಲ್ಲ ಎದ್ದು ಕುಳಿತರು. ಹಾಗಾಗಿ ಬೆಳಗ್ಗೆ ರೆಕಾರ್ಡ್ ಮಾಡಿದ ಟ್ರೈನಿಂಗ್ ವೇಸ್ಟ್ ಅನ್ನೋ ಡೈಲಾಗನ್ನು ಕಟ್ ಮಾಡಿದ್ದೇನೆ. ವೇಸ್ಟ್ ಅಲ್ಲ. ಬೆಳಗಿನ ಅರ್ಧ ವೇಸ್ಟ್.

ಈಗ ನನ್ನ ಗಾಡಿ ಹಿಂದುಗಡೆ. ರೋಡಲ್ಲಿ ಎಲ್ಲರೂ ನೋಡಿರುತ್ತೀರಿ, ಓದಿರುವುದಿಲ್ಲ. ಈ ಚೌಕದಲ್ಲಿ 3ವೈಇ, ಕೆಳಗೆ 1203. 1203 ಅಂದರೆ ಪೆಟ್ರೋಲು, ಲೋಕದಲ್ಲೆಲ್ಲ ಅದಕ್ಕೆ ಅದೇ ನಂಬರ್. ಡೀಸೆಲ್ ಆದರೆ 1202. ಮೇಲಿನದು ಬೆಂಕಿ ಆರಿಸಲು ಬರುವವರಿಗೆ. 3 ಅಂದರೆ ಫೋಮ್ ಹಾಕಿ, ಬರೀ ನೀರು ಹೊಡೆದರೆ ಪೆಟ್ರೋಲು ನೀರಿನ ಮೇಲೆ ತೇಲಿಕೊಂಡೇ ಉರಿಯುತ್ತದೆ. ವೈ ಅಂದರೆ ಉಸಿರಾಟದ ಸಾಧನ ಹಾಕಿಕೊಂಡು ಬನ್ನಿ, ಸೋರಿದ್ದನ್ನು ಚರಂಡಿಗೆ ಬಿಡಬೇಡಿ. ಕೊನೆಯ ಇ ನಿಮಗೆ, ಸುತ್ತಮುತ್ತಲಿನ ಜನರನ್ನು ಖಾಲಿ ಮಾಡಿಸಬೇಕಾಗಬಹುದು ಅಂತ. ಟ್ಯಾಂಕರ್ ಮಗುಚಿದಾಗ ಬಿಂದಿಗೆ ತಗೊಂಡು ಓಡಿ ಬರುತ್ತಾರಲ್ಲ, ಆ ಇ ಅವರಿಗೋಸ್ಕರ ಬರೆದದ್ದು. ಬಕೆಟ್ ಹಿಡಿದುಕೊಂಡು ಬರಬೇಡಿ ಮಾರಾಯ್ರೇ, ಓಡಿ.

ಕ್ಯಾಬಿನ್ ಒಳಗೆ ಇದು ಟ್ರೆಮ್ ಕಾರ್ಡ್. ಸೋರಿದರೆ ಏನು ಮಾಡಬೇಕು, ಕಣ್ಣಿಗೆ ಬಿದ್ದರೆ ಏನು, ಯಾರಿಗೆ ಫೋನ್ ಮಾಡಬೇಕು, ಎಲ್ಲ ಇದರಲ್ಲಿದೆ. ನನ್ನ ಹತ್ತಿರ ಇರುವುದು ಪೂರ್ತಿ ಇಂಗ್ಲಿಷ್. ಲಾರಿ ಓಡಿಸಲು ಎಂಟನೇ ಕ್ಲಾಸ್ ಆಗಿರಬೇಕು ಅನ್ನುವ ನಿಯಮವನ್ನು 2019ರಲ್ಲಿ ತೆಗೆದುಹಾಕಿದರು. ಆದರೆ ಹಜಾರ್ಡಸ್‌ಗೆ ಒಂದು ಭಾರತೀಯ ಭಾಷೆಯ ಜೊತೆ ಇಂಗ್ಲಿಷೂ ಓದಲು ಬರೆಯಲು ಬರಬೇಕು ಅಂತ ನಿಯಮದಲ್ಲೇ ಇದೆ. ನಿಯಮ ಇದೆ ಅಂತ ಎಲ್ಲರಿಗೂ ಬಂದುಬಿಡುತ್ತಾ? ಸೋರುತ್ತಿರುವಾಗ ಯಾರು ಡಿಕ್ಷನರಿ ತೆಗೆಯುತ್ತಾರೆ? ನಾನು ಮುಖ್ಯವಾದದ್ದನ್ನು ಕನ್ನಡದಲ್ಲಿ ಬರೆದು ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿದ್ದೇನೆ, ಹೆಚ್ಚಾಗಿ ಕ್ಲೀನರ್ ಹುಡುಗನಿಗೋಸ್ಕರ. ಅವನು ಅದರ ಮೇಲೆ ದೇವರ ಸ್ಟಿಕರ್ ಅಂಟಿಸಿದ. ತೆಗೆಸಿದೆ, ಈಗ ಎರಡೂ ಅಕ್ಕಪಕ್ಕ ಇವೆ.

ಸೈಬರ್ ಸೆಂಟರ್ ಬಂತು, ಇದನ್ನು ಬೇಗ ಮುಗಿಸುತ್ತೇನೆ. ಸಾರಥಿ ಅಂತ ಸರ್ಕಾರದ ಲೈಸೆನ್ಸ್ ವೆಬ್‌ಸೈಟಲ್ಲಿ ಅರ್ಜಿ, ಫಾರಂ 1ಎ, ಟ್ರೈನಿಂಗ್ ಸರ್ಟಿಫಿಕೇಟ್ ಅಪ್‌ಲೋಡ್. ಸಹಿಯ ಫೋಟೋ 20 ಕೆಬಿ ಒಳಗೆ ಇರಬೇಕು. ಅಂಗಡಿಯವರು ಅದನ್ನು ಚಿಕ್ಕದು ಮಾಡುತ್ತಾ ಮಾಡುತ್ತಾ ನನ್ನ ಸಹಿ ಇರುವೆ ಥರ ಆಯಿತು. ಕಾರ್ಡಲ್ಲಿ ಹೇಗೆ ಬರುತ್ತದೋ ನೋಡೋಣ.

ಹೋದ ವಿಡಿಯೋ ಕೆಳಗೆ ತುಂಬಾ ಜನ ಕೇಳಿದ್ದಿರಿ, ಕಾರ್ ಲೈಸೆನ್ಸಲ್ಲೇ ಗೂಡ್ಸ್ ಗಾಡಿ ಓಡಿಸಬಹುದಂತೆ, ಸುಪ್ರೀಂ ಕೋರ್ಟ್ ಹೇಳಿದೆಯಂತೆ ಅಂತ. ಹೌದು, 2024ರ ನವೆಂಬರಲ್ಲಿ ಹೇಳಿದೆ, ಆದರೆ ಒಟ್ಟು ತೂಕ 7,500 ಕೆಜಿ ಒಳಗಿನ ಗಾಡಿಗೆ ಮಾತ್ರ. ಹಜಾರ್ಡಸ್ ಮಾಲು ಹೊರುವ ಗಾಡಿಗೆ ಅದು ಅನ್ವಯಿಸುವುದಿಲ್ಲ. ಪಿಕಪ್ಪಲ್ಲಿ ಗ್ಯಾಸ್ ಸಿಲಿಂಡರ್ ತುಂಬಿಕೊಂಡು ಕೋರ್ಟ್ ಹೆಸರು ಹೇಳಬೇಡಿ. ಏನಾದರೂ ಆದರೆ ಇನ್ಶೂರೆನ್ಸಿನವರು ಮೊದಲು ಕೇಳುವುದೇ ಈ ಎಂಡಾರ್ಸ್‌ಮೆಂಟ್.

ಏಜೆಂಟ್ ಬೇಕಾ ಬೇಡವಾ ಅಂತಲೂ ಕೇಳುತ್ತೀರಿ. ಬೇಡ. ಅಂದರೆ, ಫೋನಲ್ಲಿ ಒಟಿಪಿ ನೋಡಿಕೊಂಡು ಎರಡು ದಿನ ಊರಲ್ಲಿ ಇರುವವರಿಗೆ ಬೇಡ. ಲೋಡ್ ಮೇಲೆ ಲೋಡ್ ಇರುವವರು ಕೊಟ್ಟರೆ ನಾನು ಬೈಯುವುದಿಲ್ಲ, ಒಂದು ಟ್ರಿಪ್ ತಪ್ಪಿದರೆ ಹೋಗುವ ದುಡ್ಡು ಏಜೆಂಟ್ ಕೇಳುವುದಕ್ಕಿಂತ ಜಾಸ್ತಿ. ಆದರೆ ಟ್ರೈನಿಂಗ್‌ಗೆ ಹೋಗದೆ ಸರ್ಟಿಫಿಕೇಟ್ ತರಿಸಿಕೊಡುತ್ತೇನೆ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ.

ಇದು ದೇವನಗೊಂದಿ, ಪೆಟ್ರೋಲ್ ಡಿಪೋಗಳಿರುವ ಜಾಗ. ಸಾಲು ನೋಡಿ, ಎಲ್ಲಾ ಟ್ಯಾಂಕರ್‌ಗಳೇ. ರಿನ್ಯೂವಲ್ ಅಪ್ರೂವ್ ಆಗಿದೆ ಅಂತ ಮೆಸೇಜ್ ಬಂದಿದೆ. ಕಾರ್ಡ್ ಪೋಸ್ಟಲ್ಲಿ ಮನೆಗೆ ಬರುತ್ತದೆ, ನಾನು ಮನೆಯಲ್ಲಿ ಇರುವುದಿಲ್ಲ, ಪೋಸ್ಟ್‌ಮ್ಯಾನ್ ಬಂದರೆ ಇಸ್ಕೋ ಅಂತ ಮನೆಯವಳಿಗೆ ಹೇಳಿದ್ದೇನೆ. ಅಲ್ಲಿಯವರೆಗೆ ಡಿಜಿಲಾಕರ್‌ನಲ್ಲಿ ಇರುವುದನ್ನು ತೋರಿಸುತ್ತೇನೆ. ಅದರಲ್ಲಿ ಹಜಾರ್ಡಸ್ ತಾರೀಖು ಹೊಸದು ಬಂದಿದೆಯಾ ಅಂತ ನೀವೂ ನಿಮ್ಮದನ್ನು ಒಂದು ಸಲ ತೆಗೆದು ನೋಡಿ, ಕೆಲವೊಮ್ಮೆ ಟಿಆರ್ ಮಾತ್ರ ಬದಲಾಗಿರುತ್ತದೆ. ನನ್ನದು ಎರಡೂ... ಇರಿ, ನಂಬರ್ ಕರೆದರು. ಫೋನ್ ಒಳಗೆ ಬಿಡುವುದಿಲ್ಲ, ಗೇಟಿನಲ್ಲೇ ಕೊಟ್ಟು ಹೋಗಬೇಕು. ಏ ಹುಡುಗಾ, ಕಿಡಿ ಹಾರದ ಹಾಗೆ ಸೈಲೆನ್ಸರ್‌ಗೆ ಸ್ಪಾರ್ಕ್ ಅರೆಸ್ಟರ್ ಹಾಕಿದೆಯೇನೋ? ಹಾಕು ಹಾಕು. ಆಫ್ ಮಾಡುತ್ತಿದ್ದೇನೆ.